ಅಪೊಲೋನಿಯಾ ಟೀಚರ್ ಮಾಡಿದ ಪ್ರಮಾಣ

“ಎಂತ ಆಯಿತು ಅಂತ ಹೇಳುತ್ತೇನೆ. ಯಾಕೆ ಆಯಿತು ಅಂತ ಮಾತ್ರ ಕೇಳಬೇಡಿ,” ಎಂದರು ಅಪೊಲೋನಿಯಾ ಟೀಚರ್. ಅವರ ಕಣ್ಣು ಬಾಗಿಲ ಮೇಲೇ ಇತ್ತು.

ಪರ್ಕಳದಲ್ಲಿ ಪತ್ತೇದಾರಿ ಕುಶಲಕ್ಕನ ಮನೆಯ ಮಹಡಿಯಲ್ಲಿ ನಾನು ಬಾಡಿಗೆಗಿದ್ದೆ. ಅವರ ಕೆಲಸದಲ್ಲಿ ಜೊತೆಗಾತಿಯೂ ಆಗಿದ್ದೆ. ಹೆದರಿದವರನ್ನು ಅಲ್ಲಿ ಬೇಕಾದಷ್ಟು ಕಂಡಿದ್ದೆ. ಹೆದರಿಕೆಯ ಕಾರಣ ಹೇಳಲೂ ಹೆದರುವವರನ್ನು ಕಂಡದ್ದು ಅದೇ ಮೊದಲು. ಅದೂ ನನ್ನದೇ ಊರಿನ ಇಗರ್ಜಿಯ, ಎಂದರೆ ಚರ್ಚಿನ, ಟೀಚರ್.

ಟೀಚರ್ ಇನ್ನಂಜೆಯಲ್ಲಿ ತಂಗಿಯ ಮಗ ಬ್ರಯಾನ್ ಜೊತೆಗಿದ್ದರು. ಅವರ ಕಟ್ಟಿಗೆ ಕೊಟ್ಟಿಗೆಗೆ ಯಾರೋ ಬೆಂಕಿ ಇಟ್ಟಿದ್ದರು. ಮರುದಿನ ಫೋನಿನಲ್ಲಿ ಒಂದು ಗೊಗ್ಗರು ದನಿ: “ಕೇಳಿದವರಿಗೆ ಏನೂ ನೆನಪಿಲ್ಲ ಅಂತ ಹೇಳಿ. ಇಲ್ಲದಿದ್ದರೆ ಮುಂದಿನ ಬೆಂಕಿ ಮನೆಗೆ.”

“ಕೇಳಿದವರು ಯಾರು?” ಎಂದರು ಕುಶಲಕ್ಕ.

“ಹೇಳುವುದಿಲ್ಲ ಅಂತ ಪ್ರಮಾಣ ಮಾಡಿದ್ದೇನೆ. ಬ್ರಯಾನಿಗೂ ಹೇಳಿಲ್ಲ. ಪೊಲೀಸರಿಗೆ ಹೇಗೆ ಹೇಳಲಿ?”

“ಬೆಂಕಿಗೆ ಮೊದಲು ಮನೆಗೆ ಹೊಸಬರು ಯಾರಾದರೂ ಬಂದಿದ್ದರಾ?”

“ಪ್ಯಾಂಟು ಶರ್ಟಿನವರು ಒಬ್ಬರು. ಕಾರ್ಕಳದ ನೆಂಟರು ಅಂತ ಎಲ್ಲರಿಗೂ ಹೇಳಿದೆ.”

ನಾವು ಇನ್ನಂಜೆಗೆ ಹೋದಾಗ ಅಂಗಳದಲ್ಲಿ ಇನ್ನೂ ಸುಟ್ಟ ವಾಸನೆ. ಮನೆ ಮಾರಿ ಮಣಿಪಾಲದ ಫ್ಲ್ಯಾಟಿಗೆ ಹೋಗೋಣವೆಂದು ಟೀಚರನ್ನು ಒತ್ತಾಯಿಸುತ್ತಿದ್ದ ಬ್ರಯಾನ್, “ನೆಂಟರು ಬಂದಾಗ ನಾನು ಡ್ಯೂಟಿಯಲ್ಲಿದ್ದೆ,” ಎಂದ. ಬೇಲಿಯ ಜಗಳವಿದ್ದ ನೆರೆಯ ಮುದ್ದಣ್ಣ, “ಆ ನೆಂಟರು ದಾರಿ ಕೇಳಿದ್ದೇ ನನ್ನ ಹತ್ತಿರ ಮಾರಾಯ್ರೆ,” ಎಂದರು. ಅಷ್ಟರಲ್ಲಿ ಇಗರ್ಜಿಯ ಪಾಲನಾ ಮಂಡಳಿಯ ಉಪಾಧ್ಯಕ್ಷ ಟ್ರೆವರ್ ಬಂದು ಸಮಾಧಾನ ಹೇಳಿದರು. “ಹೆದರಬೇಡಿ ಟೀಚರ್. ಆ ಫಾದರ್ ಬಂದು ಹೋದ ಮೇಲೆ ನಿಮಗೆ ನೆಮ್ಮದಿಯೇ ಇಲ್ಲ ಅಲ್ವಾ?”

ಹಿಂದಿರುಗುವಾಗ ಕುಶಲಕ್ಕ ಕೇಳಿದರು: “ರೇಚಲ್, ನಿಮ್ಮಲ್ಲಿ ಗುಟ್ಟಿನ ಪ್ರಮಾಣ ಮಾಡಿಸಿ ಒಬ್ಬರ ಗುಣ ವಿಚಾರಿಸುವುದು ಯಾವಾಗ?”

“ಬಿಷಪರನ್ನು ಆರಿಸುವಾಗ.” ಹೇಳುತ್ತಲೇ ನನಗೆ ಹೊಳೆಯಿತು. ನಮ್ಮಲ್ಲಿ ಹಿಂದೆ ವಿಗಾರರು, ಅಂದರೆ ಇಗರ್ಜಿಯ ಮುಖ್ಯ ಗುರು, ಆಗಿದ್ದ ಫಾದರ್ ಬ್ರ್ಯಾಂಡನ್ ಹೊರಗಿನ ಒಂದು ಧರ್ಮಪ್ರಾಂತ್ಯಕ್ಕೆ ಬಿಷಪ್ ಆಗುತ್ತಾರೆಂದು ಎಲ್ಲರೂ ಪಿಸುಗುಟ್ಟುತ್ತಿದ್ದರು.

“ಅವರ ಕಾಲದಲ್ಲಿ ನಿಮ್ಮ ಇಗರ್ಜಿಯಲ್ಲಿ ಎಂತ ಇತ್ತು?”

“ಹುಡುಗರ ಬೋರ್ಡಿಂಗ್. ಟ್ರೆವರ್ ವಾರ್ಡನ್. ಟೀಚರ್ ಅಲ್ಲಿಗೆ ಪಾಠಕ್ಕೆ ಹೋಗುತ್ತಿದ್ದರು.”

ಭಾನುವಾರ ಪೂಜೆಯ ನಂತರ ಎಲ್ಲರೂ ಟೀಚರ್ ಮನೆಯ ಚಾವಡಿಯಲ್ಲಿ ಸೇರಿದರು. ಟೀಚರ್ ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು.

“ಬ್ರಯಾನಿಗೆ ಮನೆ ಮಾರಬೇಕಿತ್ತು, ಮುದ್ದಣ್ಣನಿಗೆ ಬೇಲಿ ಸರಿಸಬೇಕಿತ್ತು,” ಎಂದು ಕುಶಲಕ್ಕ ಶುರು ಮಾಡಿದರು. “ಆದರೆ ಫೋನಿನ ದನಿ ಕೇಳಿದ್ದು ಮನೆಯನ್ನೂ ಅಲ್ಲ, ಬೇಲಿಯನ್ನೂ ಅಲ್ಲ. ಟೀಚರ್ ಏನನ್ನೋ ಮರೆಯಬೇಕು, ಅಷ್ಟೇ. ಪ್ಯಾಂಟು ಶರ್ಟಿನಲ್ಲಿ ಬಂದವರು ಇವರಿಬ್ಬರಿಗೂ ನೆಂಟರು. ಟ್ರೆವರ್, ನಿಮಗೊಬ್ಬರಿಗೆ ಮಾತ್ರ ಅವರು ಫಾದರ್. ಹೇಗೆ?”

ಟ್ರೆವರ್ ಬಾಗಿಲ ಕಡೆ ನೋಡಿದರು.

“ಅವರು ನಿಮ್ಮ ಹತ್ತಿರವೂ ಬಂದಿದ್ದರು. ಬ್ರ್ಯಾಂಡನ್ ಫಾದರ್ ಹೇಗೆ ಅಂತ ಪ್ರಮಾಣ ಮಾಡಿಸಿ ನಿಮ್ಮನ್ನೂ ಕೇಳಿದ್ದರು. ಆಮೇಲೆ ಅವರೇ ಟೀಚರ್ ಮನೆಗೆ ಹೋದದ್ದನ್ನು ಕಂಡು ನೀವು ಬೆವತಿರಿ. ಯಾಕೆಂದರೆ ವಾರ್ಡನ್ ಆಗಿದ್ದಾಗ ನೀವು ಮಾಡಿದ್ದು ಏನೇ ಇರಲಿ, ಅದು ಟೀಚರಿಗೆ ಗೊತ್ತು.”

“ಬ್ರ್ಯಾಂಡನ್ ಫಾದರಿಗಾಗಿ ಬೆಂಕಿ ಇಟ್ಟೆ,” ಎಂದರು ಟ್ರೆವರ್. ಈಗ ದನಿಯನ್ನು ಗೊಗ್ಗರಾಗಿಸಲು ಪ್ರಯತ್ನವೇ ಬೇಕಿರಲಿಲ್ಲ.

ಕುಶಲಕ್ಕ ಕಾಪು ಠಾಣೆಗೆ ಫೋನ್ ಮಾಡುತ್ತಿದ್ದಂತೆ ಟೀಚರ್ ನನ್ನ ಕೈ ಬಿಟ್ಟು ಎದ್ದರು. ಟ್ರೆವರ್ ಎದುರು ಹೋಗಿ ನಿಂತರು.

“ನನ್ನನ್ನು ಕೇಳಿದ್ದು ಎಂತ, ಅದನ್ನು ಸಾಯುವವರೆಗೂ ಹೇಳುವುದಿಲ್ಲ. ಆದರೆ ಅದಕ್ಕೂ ಎಷ್ಟೋ ವರ್ಷ ಮೊದಲು ನಾನು ಕಣ್ಣಾರೆ ಕಂಡದ್ದಕ್ಕೆ ಯಾರೂ ಪ್ರಮಾಣ ಮಾಡಿಸಿಲ್ಲ. ನೀವು ಹೊಡೆದ ಏಟಿಗೆ ಆಶ್ಲಿ ಎಂಬ ಹುಡುಗನ ಒಂದು ಕಿವಿ ಹೋಯಿತು. ಮೆಟ್ಟಿಲಿನಿಂದ ಬಿದ್ದ ಅಂತ ಫಾದರ್ ಬ್ರ್ಯಾಂಡನ್ ಎಲ್ಲರನ್ನೂ ನಂಬಿಸಿದರು.”

ಪೂಜೆ ಮುಗಿಸಿ ಹೋಗುತ್ತಿದ್ದವರು ಆ ಮಾತು ಕೇಳಿ ದಾರಿಯಲ್ಲೇ ನಿಂತರು. ಬ್ರಯಾನ್ ಗಾಬರಿಯಿಂದ ಬಾಗಿಲು ಹಾಕಲು ಓಡಿದ.

“ಹಾಕಬೇಡ ಬ್ರಯಾನ್,” ಎಂದರು ಟೀಚರ್. “ತೆರೆದೇ ಇರಲಿ.”