ನೀಲಿ ಹಗ್ಗದೊಳಗಿನ ಸೀಸದ ಹನಿ

ದೋಣಿಯ ಯಜಮಾನ ತನ್ನ ದೋಣಿಯಲ್ಲೇ ಸತ್ತು ಬಿದ್ದಿದ್ದ. ದೀಪದ ಕಂಬದ ಬುಡದಲ್ಲಿ, ಅಂಗಾತ, ಕಣ್ಣು ತೆರೆದೇ. ಸೊಂಟದ ಪಟ್ಟಿಯ ಎರಡೂ ಬದಿಗೆ ನೀಲಿ ನೈಲಾನ್ ಹಗ್ಗದ ಒಂದೊಂದು ತುಂಡು ಚಾಚಿಕೊಂಡಿತ್ತು.

ಕಂಬ ಹತ್ತುವಾಗ ಆ ಹಗ್ಗವನ್ನು ಕಂಬಕ್ಕೆ ಬಳಸಿ ಪಟ್ಟಿಗೆ ಸಿಕ್ಕಿಸಿಕೊಳ್ಳುವುದು ಅವನ ರೂಢಿ. ಮೇಲೆ ಹೋಗಿ ಅದರ ಮೇಲೆ ಮೈಭಾರ ಬಿಟ್ಟರೆ ಎರಡೂ ಕೈ ಕೆಲಸಕ್ಕೆ ಸಿಗುತ್ತವೆ. ಹಿಂದಿನ ಸಂಜೆ ಕಂಬದ ದೀಪ ಕೆಟ್ಟಿತ್ತು. ಬೆಳಕು ಹರಿಯುತ್ತಲೇ ಹತ್ತಿದ್ದ. ಮೈಭಾರ ಬಿಟ್ಟ. ಹಗ್ಗ ಕೈಕೊಟ್ಟಿತು.

"ಅವಘಡ, ಮೇಡಂ," ಎಂದ ಮೀಸೆ ಕಾನ್‌ಸ್ಟೇಬಲ್. ಮೀಸೆಗೆ ಹೋಲಿಸಿದರೆ ಆಳು ಚಿಕ್ಕವನು. "ಮಹಾ ಜಿಪುಣ. ಎಲ್ಲಿಂದಲೋ ಹಳೇ ಹಗ್ಗ ಎಳ್ಕೊಂಡು ಬಂದಿರ್ತಾನೆ."

"ಹಗ್ಗ ಹೊಸದು ಕಣಯ್ಯ. ಅಂಗಡಿ ಮಡಿಕೆ ಇನ್ನೂ ಬಿಟ್ಟಿಲ್ಲ."

ಇನ್‌ಸ್ಪೆಕ್ಟರಮ್ಮ ಮಂಡಿಯೂರಿ ಕುಳಿತಳು. ಬಂದರಿನಲ್ಲಿ ಎಲ್ಲರೂ ಅವಳನ್ನು ಕರೆಯುವುದು ಹಾಗೆಯೇ. ಈ ಹಲಗೆಗಳ ಮೇಲೆ ಹೋದ ವರ್ಷವೂ ಅವಳು ಹೀಗೇ ಕುಳಿತಿದ್ದಳು. ಅದನ್ನು ನೆನೆಯಲು ಈಗ ಮನಸ್ಸು ಒಪ್ಪಲಿಲ್ಲ.

ಹಗ್ಗದ ಹೊರಗಿನ ಹೆಣಿಗೆ ಹರಿದು, ಬಾಚದ ತಲೆಯ ಹಾಗೆ ಕೆದರಿತ್ತು. ಅದನ್ನು ಬೆರಳಿನಿಂದ ಹಿಂದಕ್ಕೆ ಸರಿಸಿದಳು. ಒಳಗಿನ ತಿರುಳೂ ನೀಲಿಯೇ. ಭಾರ ಹೊರುವುದು ಆ ತಿರುಳು. ಹೆಣಿಗೆ ಬರೀ ಅಂಗಿ. ತಿರುಳಿನ ತುದಿಯಲ್ಲಿ ಒಂದು ಎಳೆಯೂ ಕೆದರಿರಲಿಲ್ಲ. ಕರಗಿ ಆರಿದ ಗಟ್ಟಿ ಗಂಟು, ಉಗುರಿನಷ್ಟು ಗಡುಸು.

"ಇದು ತಾನಾಗಿ ಹರಿದದ್ದಲ್ಲ," ಎಂದಳು. "ಒಳಗಿನದನ್ನ ಸುಟ್ಟಿದ್ದಾರೆ. ಹೊರಗಿನದನ್ನ ನಮ್ಮ ಕಣ್ಣಿಗೆ ಮಣ್ಣೆರಚೋಕೆ ಬಿಟ್ಟಿದ್ದಾರೆ."

ಕಾನ್‌ಸ್ಟೇಬಲನ ಮೀಸೆ ಇಳಿಯಿತು.

* * *

ಮಧ್ಯಾಹ್ನದೊಳಗೆ ಹಗ್ಗದಣ್ಣ ಲಾಕಪ್ಪಿನಲ್ಲಿದ್ದ. ಬಂದರಿನ ಅಷ್ಟೂ ದೋಣಿಗಳ ಹಗ್ಗ ಹೆಣೆಯುವವನು ಅವನೇ. ಯಜಮಾನನ ಹಗ್ಗಕ್ಕೆ ತುದಿ ಕಟ್ಟಿಕೊಟ್ಟವನೂ ಅವನೇ. ಹಿಂದಿನ ದಿನ ಕೂಲಿಯ ವಿಷಯಕ್ಕೆ ಇಬ್ಬರೂ ಕಟ್ಟೆಯ ಮೇಲೆ ಕಚ್ಚಾಡಿದ್ದರು. "ಒಂದಿನ ಅದೇ ಕಂಬದಿಂದ ಬಿದ್ದು ಸಾಯ್ತೀಯ ನೋಡು" ಎಂದು ಇವನು ಕೂಗಿದ್ದನ್ನು ಎಲ್ಲರೂ ಕೇಳಿದ್ದರು. ಅವನ ಚೀಲದಲ್ಲಿ ಬ್ಯಾಟರಿಗೆ ಸಿಕ್ಕಿಸಿ ಕಾಯಿಸುವ ಬಿಸಿ ಚಾಕು ಸಿಕ್ಕಿತು. ಅಲಗಿಗೆ ನೀಲಿ ನೈಲಾನ್ ಅಂಟಿತ್ತು.

"ಅಂಟದೆ ಇನ್ನೇನಮ್ಮ? ತುದಿ ಸುಟ್ಟು ಕೊಟ್ಟಿದ್ದೇ ನಾನು," ಎಂದ ಹಗ್ಗದಣ್ಣ ಕಂಬಿಯ ಹಿಂದಿನಿಂದ. "ಬಾಯಿ ನಂದು ಹೊಲಸು, ಒಪ್ಕೋತೀನಿ. ಕೈ ಹೊಲಸಲ್ಲ."

ಹೊರಗಿನ ಬೆಂಚಿನ ಮೇಲೆ ಅವನ ಹೆಂಡತಿ ಕೂತಿದ್ದಳು. ತುಂಬಿದ ಬಸುರಿ. ಅಳುತ್ತಿರಲಿಲ್ಲ. ಗೋಡೆಯನ್ನೇ ನೋಡುತ್ತಿದ್ದಳು.

"ನಾಳೆ ಕೋರ್ಟಿಗೆ ಕಳಿಸ್ತಾರಂತೆ, ಹೌದೇನಮ್ಮ?"

ಇನ್‌ಸ್ಪೆಕ್ಟರಮ್ಮನಿಗೆ ಉತ್ತರ ಗೊತ್ತಿತ್ತು. ನೀರಿನ ಲೋಟ ತಂದು ಅವಳ ಪಕ್ಕ ಇಟ್ಟಳು.

ಆ ಹೊತ್ತಿಗೆ ಅವಳ ತಮ್ಮ ಊಟದ ಡಬ್ಬಿ ಹಿಡಿದು ಬಂದ. ದೋಣಿಗಳ ವೈರಿಂಗ್, ಸೀಸ ಕರಗಿಸಿ ತಂತಿ ಬೆಸೆಯುವ ಕೆಲಸ ಅವನದು. ಅಕ್ಕ ತಮ್ಮ ಇಬ್ಬರೇ ಒಂದೇ ಸೂರಿನಡಿ ಇದ್ದವರು. ಅಕ್ಕನ ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು. ತಮ್ಮನ ಹೆಂಡತಿಯೂ ಇರಲಿಲ್ಲ. ಅವನ ಮಗ, ಮದುವೆಯ ವಯಸ್ಸಿಗೆ ಬಂದ ಹುಡುಗ, ಹೋದ ವರ್ಷ ಯಜಮಾನನ ಅದೇ ದೋಣಿಯಲ್ಲಿ ಹೋಗಿ ಸಮುದ್ರಪಾಲಾದ. ದೋಣಿಗೆ ನೀರು ನುಗ್ಗಿತು, ನೀರೆತ್ತುವ ಪಂಪು ಓಡಲಿಲ್ಲ. ತನಿಖೆ ಮಾಡಿದವಳು ಅವನ ಸೋದರತ್ತೆ, ಇನ್‌ಸ್ಪೆಕ್ಟರಮ್ಮನೇ. ದಡಕ್ಕೆ ಎಳೆದು ತಂದ ದೋಣಿಯಲ್ಲಿ ಪಂಪೂ ಇರಲಿಲ್ಲ, ತಂತಿಯೂ ಇರಲಿಲ್ಲ, ಸಾಕ್ಷಿಯೆಲ್ಲ ಸಮುದ್ರದಲ್ಲಿ ಕೊಚ್ಚಿಹೋಗಿತ್ತು. ಅವಘಡ ಎಂದು ಬರೆದು ಕಡತ ಮುಚ್ಚಿದಳು.

"ತಣ್ಣಗಾಗೋ ಮುಂಚೆ ತಿನ್ನು, ಅಕ್ಕ."

"ನೀನು ತಿಂದ್ಯಾ?"

"ಆಮೇಲೆ." ಅವನು ಬೆಂಚಿನ ಕಡೆ ನೋಡಿದ. ಕೂಡಲೇ ಕಣ್ಣು ತೆಗೆದ. "ಇವ್ರು ಯಾಕಿಲ್ಲಿ?"

"ಹಗ್ಗದಣ್ಣನ ಹೆಂಡ್ತಿ. ಅವನನ್ನ ಹಿಡ್ಕೊಂಡು ಬಂದಿದೀವಿ."

ತಮ್ಮ ಡಬ್ಬಿಯ ಮುಚ್ಚಳವನ್ನು ಮತ್ತೊಮ್ಮೆ ಒತ್ತಿ, ಮೇಜಿನ ಮೇಲಿಟ್ಟ. ಆಮೇಲೆ ಜೇಬಿನಿಂದ ಕಾಗದದ ಪೊಟ್ಟಣ ತೆಗೆದ. "ನನ್ನ ಸೋಲ್ಡರಿಂಗ್ ಐರನ್ನಿನ ಮೊನೆ. ಎಷ್ಟು ಉಜ್ಜಿದ್ರೂ ಸೀಸ ಹಿಡೀತಿಲ್ಲ. ಅಂಗಡಿ ಕಡೆ ಹೋದ್ರೆ ಹೊಸದೊಂದು ತರ್ತೀಯಾ? ಅಳತೆಗೆ ಹಳೇದು ತೋರಿಸು. ಒಂದು ದೋಣಿ ಸಂಜೆಗೆ ಹೊರಡತ್ತೆ. ಅದರ ಪಂಪನ್ನ ಅರ್ಧಕ್ಕೆ ಬಿಚ್ಚಿಟ್ಟು ಬಂದಿದೀನಿ."

ಪೊಟ್ಟಣ ಅವಳ ಕೈಚೀಲ ಸೇರಿತು.

* * *

"ಚಾಕು ಕಾಯಿಸು," ಎಂದಳು ಕಾನ್‌ಸ್ಟೇಬಲನಿಗೆ. ಜೀಪಿನ ಬ್ಯಾಟರಿಗೆ ತಂತಿ ಸಿಕ್ಕಿಸಿದರು. ಅಲಗು ಕಾದಿತು. ಉಳಿದ ನೀಲಿ ಹಗ್ಗದ ಹೆಣಿಗೆಯನ್ನು ಬಿಡಿಸಿ, ಸಂದಿನಲ್ಲಿ ಅಲಗು ತೂರಿಸಲು ಅವನು ತಿಣುಕಿದ. ಅಲಗು ಎರಡು ಬೆರಳಗಲ. ಒಳಗೆ ಹೋಗುವ ಮೊದಲೇ ಹೆಣಿಗೆ ಕರಗಿ ಬಾಯಿಬಿಟ್ಟಿತು.

"ಕುರುಡನಿಗೂ ಕಾಣತ್ತೆ ಇದು," ಎಂದ ಬೆರಳು ಊದಿಕೊಳ್ಳುತ್ತ. "ಇಂಥ ಹಗ್ಗ ಕಟ್ಕೊಂಡು ಕಂಬ ಹತ್ತೋಕೆ ಅವನಿಗೇನು ತಲೆ ಕೆಟ್ಟಿತ್ತಾ?"

ಅವಳು ಸತ್ತವನ ಹಗ್ಗವನ್ನು ಕಿಟಕಿಯ ಬೆಳಕಿಗೆ ಹಿಡಿದು, ಬ್ಲೇಡಿನಿಂದ ಹೆಣಿಗೆಯನ್ನು ಉದ್ದಕ್ಕೆ ಸೀಳಿದಳು. ಕರಗಿದ ಗಂಟಿನಲ್ಲಿ ಉರುಟಾದ ಕುಳಿಗಳು, ಪೆನ್ಸಿಲ್ ಚುಚ್ಚಿ ತೆಗೆದಂತೆ. ಒಂದು ಕುಳಿಯಲ್ಲಿ ಏನೋ ಮಿಂಚಿತು. ಸಾಸಿವೆಗಿಂತ ಚಿಕ್ಕ ಬೆಳ್ಳಿಬಣ್ಣದ ಹನಿ. ಉಗುರಿನಿಂದ ಒತ್ತಿದರೆ ಗೆರೆ ಬಿತ್ತು.

ಸೀಸ.

ಬಂದರಿನಲ್ಲಿ ವೈರಿಂಗ್ ಮಾಡುವವರು ಬೇಕಾದಷ್ಟು ಜನ ಇದ್ದಾರೆ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಕೈಚೀಲ ಹೆಗಲಿಗೇರಿಸಿದಳು. ಅದು ಇದ್ದಕ್ಕಿದ್ದಂತೆ ಭಾರವಾಗಿತ್ತು.

* * *

"ಬನ್ನಿ ಇನ್‌ಸ್ಪೆಕ್ಟರಮ್ಮ. ಖರೀದಿಗೋ, ನನ್ನ ಹಿಡ್ಕೊಂಡು ಹೋಗೋಕೋ?" ಸಲಕರಣೆ ಅಂಗಡಿಯ ಅಜ್ಜನಿಗೆ ಹಲ್ಲಿಲ್ಲದಿದ್ದರೂ ನಗುವಿಗೆ ಬರವಿಲ್ಲ.

"ದೋಣಿ ಮೇಲೆ ಹಗ್ಗ ಸುಡೋಕೆ ಏನೇನಿದೆ ಅಜ್ಜ?"

ಅವನು ಒಂದೊಂದೇ ತೆಗೆದಿಟ್ಟ. "ಇದು ಗ್ಯಾಸಿಂದು. ಬೆಂಕಿ ಉಗುಳತ್ತೆ. ಡೀಸೆಲ್ ಇರೋ ಕಡೆ ಹಚ್ಚಿದ್ರೆ ನಂಗೊಬ್ಬ ಗಿರಾಕಿ ಕಮ್ಮಿ. ಇದು ಮನೆ ಕರೆಂಟಿಂದು. ನಡುನೀರಲ್ಲಿ ಪ್ಲಗ್ ಎಲ್ಲಿ ಹುಡುಕ್ತೀರಿ? ಇದು ಬ್ಯಾಟರಿ ಚಾಕು. ಹಗ್ಗದಣ್ಣಂದೂ ಇದೇ. ಇದು ಬ್ಯಾಟರಿ ಸೋಲ್ಡರಿಂಗ್ ಐರನ್, ಎರಡು ಮೊನೆ. ತೆಳುವಿಂದು ಸೀಸಕ್ಕೆ, ಅಗಲದ್ದು ಹಗ್ಗಕ್ಕೆ. ಒಂದೇ ಮೊನೆದೂ ಇದೆ, ಅಗ್ಗ. ನೀವು ತಮ್ಮನಿಗೆ ಅಂತ ಒಯ್ದಿದ್ದು ಅದೇ. ಎರಡು ಮೊನೆದು ತಗೊಳ್ಳಿ ಅಂತ ಬಡ್ಕೊಂಡೆ. ನನ್ನ ತಮ್ಮನಿಗೆ ಹಗ್ಗ ಸುಡೋ ಕೆಲಸ ಏನಿದೆ ಅಂದ್ರಿ."

ಅವಳು ಪೊಟ್ಟಣ ಬಿಚ್ಚಿದಳು. ಅಜ್ಜ ಮೊನೆಯನ್ನು ಕಣ್ಣಿನ ಹತ್ತಿರ ಹಿಡಿದ. ತುದಿಯನ್ನು ಯಾರೋ ಅರದಿಂದ ಚೆನ್ನಾಗಿ ಉಜ್ಜಿದ್ದರು.

"ಸೀಸ ಹಿಡೀತಿಲ್ಲವಂತೆ," ಎಂದಳು.

"ಎಲ್ಲಿಂದ ಹಿಡಿಯತ್ತೆ? ಪ್ಲಾಸ್ಟಿಕ್ ಚುಚ್ಚಿದ್ದಾನೆ. ಒಂದ್ಸಲ ಪ್ಲಾಸ್ಟಿಕ್ ಸುಟ್ಟು ಹತ್ತಿದ್ರೆ ಸೀಸ ನಿಲ್ಲಲ್ಲ, ಉರುಳಿ ಬೀಳತ್ತೆ. ಅರ ಹಾಕಿದ್ರೆ ಇದ್ದ ಲೇಪಾನೂ ಹೋಯ್ತು." ಅವನು ಮೊನೆಯ ಬುಡದಲ್ಲಿ, ತಿರುಪಿನ ಸಂದಿನಲ್ಲಿ ಸೂಜಿ ಆಡಿಸಿದ. ಕರಿ ಹಕ್ಕಳೆ ಎದ್ದಿತು. ಅದರಡಿ ಬಣ್ಣವಿತ್ತು. "ನೋಡಿ, ನೈಲಾನು. ನೀಲಿ."

ಅಂಗಡಿಯ ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ಸಾಕ್ಷಿ ಮಧ್ಯಾಹ್ನದಿಂದ ಅವಳ ಚೀಲದಲ್ಲೇ ಇತ್ತು, ಬಾಚಣಿಗೆಯ ಪಕ್ಕದಲ್ಲಿ.

"ಹೊಸದು ಕೊಡಲಾ?" ಎಂದ ಅಜ್ಜ. ಅವನ ನಗು ನಿಂತಿತ್ತು.

"ಕೊಡಿ," ಎಂದಳು.

* * *

ಸಂಜೆಗೆ ಹೊರಡುವ ದೋಣಿಯ ತಳದಲ್ಲಿ ತಮ್ಮ ಬ್ಯಾಟರಿಯ ಪಕ್ಕ ಕೂತಿದ್ದ. ಕಾನ್‌ಸ್ಟೇಬಲನನ್ನು ಮೇಲೆ ನಿಲ್ಲಿಸಿ ಅವಳೊಬ್ಬಳೇ ಇಳಿದಳು.

"ತಂದ್ಯಾ?"

ಒಂದು ಕೈಯಲ್ಲಿ ಹೊಸ ಮೊನೆ ಚಾಚಿದಳು. ಇನ್ನೊಂದರಲ್ಲಿ ಹಳೆಯದು. ಅವನು ಎರಡನ್ನೂ ನೋಡಿದ. ಬುಡದ ನೀಲಿಯನ್ನೂ ನೋಡಿದ.

"ಅಲ್ಲಿ ಉಜ್ಜಲಿಲ್ಲ," ಎಂದ.

"ಹಗ್ಗದಣ್ಣನ ಚಾಕು ಆ ಸಂದಿನಲ್ಲಿ ಹೋಗಲ್ಲ. ಒಳಗೆ ಸೀಸದ ಹನಿ ಸಿಕ್ತು. ದೀಪ ಹೇಗೆ ಕೆಡಿಸಿದೆ?"

"ಮೊನ್ನೆ ರೇಡಿಯೋ ರಿಪೇರಿಗೆ ಅವನೇ ಕರೆದ. ಹಗ್ಗ ಮೊಳೇಲಿ ನೇತಾಡ್ತಿತ್ತು. ಅವನನ್ನ ಬಿಟ್ಟು ಅದನ್ನ ಯಾರೂ ಮುಟ್ಟಲ್ಲ. ಆಗಲೇ ಹೆಣಿಗೆ ಸಂದಿನಲ್ಲಿ ಮೊನೆ ತೂರಿಸಿ ತಿರುಳು ಸುಟ್ಟೆ. ನಿನ್ನೆ ಸಂಜೆ ಕೆಳಗಿನ ಪೆಟ್ಟಿಗೇಲೇ ದೀಪದ ತಂತಿ ಸಡಿಲ ಮಾಡಿದೆ. ಕೂಲಿ ಉಳಿಯತ್ತೆ ಅಂತ ತಾನೇ ಹತ್ತುತ್ತಾನೆ, ಗೊತ್ತಿತ್ತು."

"ಯಾಕೋ?"

"ಪಂಪಿನ ತಂತಿ ತುಕ್ಕು ಹಿಡಿದಿದೆ, ಹೊಸದು ಹಾಕಿಸಿ ಅಂತ ಕಾಲು ಹಿಡಿದಿದ್ದೆ ಅಕ್ಕ. ಟೇಪ್ ಸುತ್ತು ಸಾಕು ಅಂದ. ಸುತ್ತಿದೆ. ಸುತ್ತಿದವನು ನಾನೇ. ಮಾರನೇ ದಿನ ಮಗ ಅದೇ ದೋಣೀಲಿ ಹೋದ."

"ನನಗೆ ಇದನ್ನ ಹೇಳಲೇ ಇಲ್ಲ."

"ಹೇಳೋಕೆ ಬಂದೆ. ನೀನು ಅವಘಡ ಅಂತ ಬರೆದು ಮುಗಿಸಿದ್ದೆ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದಿದ್ದಿದ್ದರೇ ಅವಳಿಗೆ ಹಗುರವಾಗುತ್ತಿತ್ತು. "ಇವನಿಗೂ ಹಾಗೇ ಬರೀತೀಯ ಅಂದ್ಕೊಂಡೆ. ಹಗ್ಗದಣ್ಣನ್ನ ಹಿಡೀತೀರ ಅಂತ ಕನಸಲ್ಲೂ ಅಂದ್ಕೊಳ್ಳಲಿಲ್ಲ."

"ಮೊನೇನ ನನ್ನ ಕೈಗೆ ಯಾಕೆ ಕೊಟ್ಟೆ? ಸಮುದ್ರಕ್ಕೆ ಎಸೀಬಾರದಿತ್ತಾ?"

ಅವನು ಬಿಚ್ಚಿಟ್ಟ ಪಂಪಿನ ಕಡೆ ಕೈ ತೋರಿಸಿದ. "ಹಳೇದು ತೋರಿಸದೆ ಅಳತೆ ತಪ್ಪಿದ್ರೆ ಈ ಪಂಪು ಇವತ್ತು ಓಡ್ತಿರಲಿಲ್ಲ. ಇದರಲ್ಲೂ ಯಾರದ್ದೋ ಮಕ್ಕಳು ಹೋಗ್ತಾರೆ."

ಮೇಲಿಂದ ಕಾನ್‌ಸ್ಟೇಬಲ್ ಕೆಮ್ಮಿದ. "ಮೇಡಂ?"

"ಹಗ್ಗದಣ್ಣನ್ನ ಬಿಟ್ಬಿಡಿ ಅಂತ ಠಾಣೆಗೆ ಫೋನ್ ಮಾಡು. ಅವನ ಹೆಂಡ್ತಿನ ಜೀಪಲ್ಲಿ ಮನೆಗೆ ಬಿಡಲಿ." ತಮ್ಮನ ಕಡೆ ತಿರುಗಿದಳು. "ಮುಗಿಸು."

ಅವನು ಹೊಸ ಮೊನೆ ಸಿಕ್ಕಿಸಿದ. ಸೀಸ ಕರಗಿ ತಂತಿಯ ಮೇಲೆ ಹರಿದು, ಹೊಳೆದು, ನಿಂತಿತು. ಸ್ವಿಚ್ ಒತ್ತಿದ. ಪಂಪು ಗುರ್ ಎಂದು ತಳದ ನೀರನ್ನು ಎಳೆದು ಹೊರಗೆ ಚೆಲ್ಲತೊಡಗಿತು. ಇಬ್ಬರೂ ಆ ಸದ್ದನ್ನು ಕೇಳುತ್ತ ಕುಳಿತರು. ಒಂದು ವರ್ಷದ ಹಿಂದೆ ಕೇಳಬೇಕಾಗಿದ್ದ ಸದ್ದು.

"ಹೋದ ವರ್ಷದ್ದನ್ನೂ ತಿದ್ದಿ ಬರೀತೀಯಾ ಅಕ್ಕ?"

"ಬರೆದು ಯಾರನ್ನ ಹಿಡೀಲಿ? ಅವನೇ ಇಲ್ವಲ್ಲೋ."

ಅವನು ಬ್ಯಾಟರಿಯಿಂದ ತಂತಿ ಕಿತ್ತ. ಸೋಲ್ಡರಿಂಗ್ ಐರನ್ನಿನ ಹಿಡಿಯನ್ನು ಅವಳ ಕಡೆ ತಿರುಗಿಸಿ ಚಾಚಿದ. ಚಿಕ್ಕವನಿದ್ದಾಗ ಕತ್ತರಿ ಕೊಡುವಾಗ ಹೀಗೆ ಕೊಡಬೇಕು ಎಂದು ಅವಳೇ ಕಲಿಸಿದ್ದಳು.

"ಹಿಡಿ ಹಿಡ್ಕೋ, ಅಕ್ಕ. ತುದಿ ಇನ್ನೂ ಸುಡ್ತಿದೆ."