ನಾಲವಾರದ ಹೆರಿಗೆ ಕೋಣೆಯ ಬೀಗ

ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಆರೋಗ್ಯ ಇಲಾಖೆಯ ಅಧಿಕಾರಿಯೊಬ್ಬರು ಠಾಣೆಗೆ ಬಂದು ದೂರು ಕೊಟ್ಟರು. ನಾಲವಾರದಲ್ಲಿ ನಿವೃತ್ತ ನರ್ಸ್ ರಶೀದಾಬೇಗಂ ನೋಂದಣಿಯಿಲ್ಲದೆ ನಡೆಸುತ್ತಿದ್ದ ಹೆರಿಗೆ ಕೇಂದ್ರಕ್ಕೆ ಅವರು ಹಿಂದಿನ ವಾರ ಬೀಗ ಹಾಕಿ ಮುದ್ರೆ ಒತ್ತಿದ್ದರು. ಭಾನುವಾರ ಯಾರೋ ಬಾಗಿಲು ತೆರೆದು ಒಳಗೆ ಹೆರಿಗೆ ಮಾಡಿಸಿದ್ದರು.

ಪಿಎಸ್‌ಐ ಸಿದ್ಧಲಿಂಗ ದೂರು ಓದಿ ತಲೆಯೆತ್ತಿದರು. "ಆಕಿ ನೋಂದಣಿಗೆ ಅರ್ಜಿ ಹಾಕಿರ್ಲಿಲ್ಲೇನ್ರಿ?"

"ಹೋದ ವರ್ಷಾನೇ ಹಾಕ್ಯಾರ. ತಪಾಸಣೆಗೆ ಹೋಗ್ಲಿಕ್ಕೆ ಪುರಸೊತ್ತು ಸಿಕ್ಕಿಲ್ಲ."

"ಬೀಗ ಹಾಕ್ಲಿಕ್ಕೆ ಸಿಕ್ತಲ್ರಿ."

ಅಧಿಕಾರಿ ಎಫ್‌ಐಆರ್ ಪ್ರತಿಗೆ ಕೈಚಾಚಿದರು.

ಮಧ್ಯಾಹ್ನ ಸಿದ್ಧಲಿಂಗ ಹೆಡ್ ಕಾನ್‌ಸ್ಟೆಬಲ್ ಜಿಲಾನಿಯೊಂದಿಗೆ ನಾಲವಾರಕ್ಕೆ ಹೋಗಿ ಪಂಚನಾಮೆ ಮಾಡಿದರು. ಬೀಗ ಒಡೆದಿರಲಿಲ್ಲ. ಚೌಕಟ್ಟಿನ ಕಲ್ಲನ್ನೇ ಕಡಿದು ಕೊಂಡಿ ಕಿತ್ತಿದ್ದರು.

"ನಾನೇ ತೆಗ್ದೀನಿ, ಸಾಹೇಬ್ರ," ಎಂದರು ರಶೀದಾಬೇಗಂ.

"ಯಾತರಿಂದ?"

"ಕಲ್ಲು ತಗೊಂಡು ಜಜ್ಜಿದೆ."

"ಇದು ಉಳಿ ಏಟು ಅದರಿ. ಹೆತ್ತಾಕಿ ಯಾರು?"

ಅವರು ಬಾಯಿ ಬಿಡಲಿಲ್ಲ. ಅಕ್ಕಪಕ್ಕದವರೂ ಬಿಡಲಿಲ್ಲ. ಸಿದ್ಧಲಿಂಗರಿಗೆ ಸಿಟ್ಟು ಬಂತು. ಯಾರ ಮೇಲೆ ಎಂಬುದೇ ತಿಳಿಯಲಿಲ್ಲ.

"ಗಣಿಯವರ ಕೈ ಇದು, ಸರ್," ಎಂದ ಜಿಲಾನಿ. ಶಹಾಬಾದಿನ ಕಲ್ಲುಗಣಿಗೆ ಹೋಗುವವರಲ್ಲಿ ಅಂಬಾರಾಯನೊಬ್ಬ ಎರಡು ದಿನದಿಂದ ಕೆಲಸಕ್ಕೆ ಹೋಗಿರಲಿಲ್ಲ. ಅವನ ಅಂಗಳದ ಹಗ್ಗದ ಮೇಲೆ ಕೂಸಿನ ಬಟ್ಟೆಗಳಿದ್ದವು.

ಕೇಳುವ ಮೊದಲೇ ಅಂಬಾರಾಯ ಉಳಿ, ಸುತ್ತಿಗೆ ತಂದು ಮುಂದಿಟ್ಟ. "ಬೇಗಂ ಅವರು ಬ್ಯಾಡ ಅಂದ್ರು. ಕಡಿದಾಂವ ನಾನೇ."

"ಆಂಬುಲೆನ್ಸಿಗೆ ಫೋನ್ ಹಚ್ಚಲಿಲ್ಲೇನು?"

"ಹಚ್ಚಿದ್ವಿರಿ. ಕಾಳಗಿ ಕಡೆ ಹೋಗ್ಯದ, ತಡ ಆಗ್ತದ ಅಂದ್ರು. ಕೂಸಿನ ಕಾಲು ಮುಂದ ಬಂದಿತ್ತು."

ಸಿದ್ಧಲಿಂಗ ಹೊರಗೆ ಬಂದು ಅಧಿಕಾರಿಗೆ ಫೋನ್ ಮಾಡಿದರು. "ತಾಯಿ-ಕೂಸು ಇಬ್ಬರೂ ಉಳದಾರ್ರಿ. ದೂರು ಹಿಂದಕ್ಕ ತಗೋತೀರೇನು?"

"ಇವತ್ತು ಬಿಟ್ರ ನಾಳೆ ಎಲ್ಲಾರೂ ಬೀಗ ಕೀಳ್ತಾರ್ರಿ."

"ತಪಾಸಣೆಗರ ಯಾವಾಗ ಬರ್ತೀರಿ?"

"ನೋಡೋಣ್ರಿ."

ಫೋನ್ ಕಟ್ಟಾಯಿತು. ಸಂಜೆ ನಾಲ್ಕಕ್ಕೆ ಅಂಬಾರಾಯನನ್ನು ಬಂಧಿಸಲಾಯಿತು. ಅವನ ತಾಯಿ ರಮಾಬಾಯಿ ಜೀಪಿಗೆ ಅಡ್ಡ ನಿಂತಳು. ಠಾಣೆಯಲ್ಲೇ ಜಾಮೀನು ಸಿಗುತ್ತದೆ, ರಾತ್ರಿಗೆ ಮನೆಗೆ ಬರುತ್ತಾನೆ ಎಂದು ಜಿಲಾನಿ ಮತ್ತೆ ಮತ್ತೆ ಹೇಳಬೇಕಾಯಿತು.

ಠಾಣೆಯಲ್ಲಿ ಹೇಳಿಕೆಯನ್ನು ಸಿದ್ಧಲಿಂಗ ತಾವೇ ಬರೆದುಕೊಂಡರು. ಮುದ್ರೆ ಕಂಡೂ ಯಾಕೆ ಕಡಿದೆ ಎಂದು ಅಂಬಾರಾಯನನ್ನು ಕೇಳಿದರು.

"ಖಿಡಕಿಯಾಗಿಂದ ಎಲ್ಲಾ ಕಾಣಸ್ತಿತ್ತು, ಸಾಹೇಬ್ರ. ಮಂಚ, ಲೈಟು, ಆಕ್ಸಿಜನ್ ಸಿಲಿಂಡರ್. ನನ್ನ ಹೆಂಡ್ತಿ ಹೊರಗ ಕಟ್ಟಿ ಮ್ಯಾಲ ಬಿದ್ದು ಒದ್ದಾಡ್ಲಿಕತ್ತಿದ್ಲು."

ಸಿದ್ಧಲಿಂಗ ಅದನ್ನು ಒಂದಕ್ಷರವೂ ತಿದ್ದದೆ ಬರೆದುಕೊಂಡರು.