ಪೊನ್ನಾತ್ತಾ ಮನೆಯ ಕಾವುಪೆಟ್ಟಿಗೆ

"ಟೀಚರ್, ಸಾಯಂಕಾಲದ ಬಸ್ಸಿಗೆ ನನ್ನನ್ನ ತವರಿಗೆ ಕಳಿಸ್ತಾರಂತೆ. ಅಷ್ಟರೊಳಗೆ ಒಂದ್ಸಲ ಬಂದು ನೋಡಿ" ಎಂದು ಪೂಂಗೊಡಿ ಬಾಗಿಲಲ್ಲಿ ನಿಂತಾಗ, ಸೌಂದರವಲ್ಲಿ ಟೀಚರ್ ಚಟ್ನಿಗೆ ಒಗ್ಗರಣೆ ಹಾಕುತ್ತಿದ್ದರು. ತಕ್ಷಣ ಒಲೆ ಆರಿಸಿದರು. ತಿಂಡಿಗೆ ಕಾದು ಕೂತಿದ್ದ ನೆರೆಮನೆಯ ನಾಚ್ಚಿಮುತ್ತುವಿನ ಮುಖ ಇಳಿಯಿತು. ಬಸ್ ಕಂಡಕ್ಟರ್ ಕೆಲಸದಿಂದ ನಿವೃತ್ತನಾದ ಮೇಲೆ ಟೀಚರ ಚೀಲ ಹಿಡಿದು ಅವರ ಹಿಂದೆ ತಿರುಗುವುದೇ ಅವನ ಉದ್ಯೋಗ. ಕಾಂಗೇಯಂ ಊರಿನ ಆಸುಪಾಸಿನಲ್ಲಿ ಯಾರ ಮನೆಯಲ್ಲಿ ಏನು ಕಳೆದರೂ ಸುದ್ದಿ ಪೊಲೀಸರಿಗಿಂತ ಮೊದಲು ಟೀಚರಿಗೆ ಬರುತ್ತಿತ್ತು.

ಈ ಸಲ ಕಳೆದದ್ದು ಏನೂ ಇರಲಿಲ್ಲ, ಬರಬೇಕಾದ್ದು ಬಂದಿರಲಿಲ್ಲ. ಪೂಂಗೊಡಿಯ ಮಾವ ಜೀವದಂತೆ ಸಾಕಿದ ಹುಂಜವನ್ನು ನಾಯಿ ಕಚ್ಚಿ ಕೊಂದಿತ್ತು. ಮಾವನೂ ತೀರಿಕೊಂಡಿದ್ದ, ಆ ತಳಿಯಲ್ಲಿ ಉಳಿದದ್ದು ಒಂದು ಬುಟ್ಟಿ ಮೊಟ್ಟೆ ಮಾತ್ರ. ಆಗ ಕಾವಿಗೆ ಕೂರುವ ಕೋಳಿ ಎಲ್ಲೂ ಸಿಗದೆ ಪೂಂಗೊಡಿಯೇ ಹಟ ಹಿಡಿದು ಗಂಡ ಕದಿರ್ವೇಲುವಿನಿಂದ ಥರ್ಮಕೋಲ್ ಡಬ್ಬದಲ್ಲಿ ಕಾವುಪೆಟ್ಟಿಗೆ ಮಾಡಿಸಿದ್ದಳು. ಮರಿ ಹೊರಬರಬೇಕಾದ ದಿನ ಕಳೆದು ಎರಡು ದಿನವಾಗಿತ್ತು. ಒಂದು ಮೊಟ್ಟೆಯೂ ಬಿರಿದಿರಲಿಲ್ಲ.

ಇವರು ಹೋದಾಗ ಅತ್ತೆ ಪೊನ್ನಾತ್ತಾ ಹಿತ್ತಲಲ್ಲಿ ಮೊಟ್ಟೆ ಹೂಳಲು ಗುಂಡಿ ತೋಡಿಸಿಯಾಗಿತ್ತು. ಕಟ್ಟಿದ ಬ್ಯಾಗು ಬಾಗಿಲಲ್ಲಿತ್ತು.

"ಇವಳೇ ಕೆಡಿಸಿದ್ದು ಟೀಚರಮ್ಮ. ಹೊರಗಾದಾಗ್ಲೂ ಮೊಟ್ಟೆ ಹತ್ರ ಹೋಗಿದಾಳೆ. ರೂಮಿನ ಬೀಗದ ಕೈ ಇವಳ ಸೊಂಟದಲ್ಲೇ ಇರುತ್ತೆ. ಬೇರೆ ಯಾರು ಒಳಗೆ ಹೋಗಕ್ಕಾಗುತ್ತೆ?"

ಅದು ನಿಜವೇ. ಯಾರೂ ಪೆಟ್ಟಿಗೆ ಮುಟ್ಟಬಾರದೆಂದು ಹಾಕಿದ ಬೀಗವೇ ಅವಳ ಕುತ್ತಿಗೆಗೆ ಬಂದಿತ್ತು. ಪೂಂಗೊಡಿ ಗೋಡೆಗೊರಗಿ ನಿಂತಳು.

"ಕರೆಂಟು ಹೋಗಿತ್ತೇನಪ್ಪ?" ಟೀಚರ್ ಕದಿರ್ವೇಲುವನ್ನು ಕೇಳಿದರು.

"ಇನ್ವರ್ಟರ್ ಇದೆ ಟೀಚರ್. ಮೀಟರಿನಲ್ಲಿ ಬಿಸಿ ಸರಿಯಾಗೇ ತೋರಿಸ್ತಾ ಇದೆ. ಮುಚ್ಚಳ ತೆಗೆಯೋ ಅಗತ್ಯಾನೂ ಇಲ್ಲ, ಹೊರಗಿನ ಕಡ್ಡಿ ಎಳೆದ್ರೆ ಮೊಟ್ಟೆ ಮಗ್ಗುಲು ಹೊರಳ್ತವೆ." ಅವನು ನೆಲ ನೋಡಿಕೊಂಡೇ ಉತ್ತರಿಸಿದ.

"ಹೋದ ವಾರ ಸಿಡಿಲು ಹೊಡೀತಲ್ಲ, ಅದರಿಂದ ಏನಾದ್ರೂ..." ನಾಚ್ಚಿಮುತ್ತು ಬಾಯಿ ಹಾಕಿದ.

"ಸಿಡಿಲಿನ ಮಾತು ಬಿಡು. ಅದರಿಂದ ಏನೂ ಆಗಿಲ್ಲ" ಎಂದು ಪೊನ್ನಾತ್ತಾ ಕಡ್ಡಿ ತುಂಡು ಮಾಡಿದಂತೆ ಹೇಳಿದಳು.

ಟೀಚರ್ ಪೆಟ್ಟಿಗೆಯ ಮುಂದೆ ಮಣೆ ಹಾಕಿ ಕೂತರು. ಮುಚ್ಚಳದ ಗಾಜಿನ ಮೂಲಕ ಮೊಟ್ಟೆಗಳು ಕಾಣುತ್ತಿದ್ದವು, ಬಲ್ಬಿನ ಹಿಂದಿನ ಮೂಲೆ ಮಾತ್ರ ಕಾಣುತ್ತಿರಲಿಲ್ಲ. ಬಲ್ಬು ಹತ್ತಿತು. ಮೀಟರಿನ ಅಂಕಿ ಸರಸರನೆ ಏರಿತು, ಬಲ್ಬು ಆರಿತು. "ನಿಮ್ಮ ಬಲ್ಬು ಭಾರಿ ಸೋಮಾರಿ ಕಣಯ್ಯ" ಎಂದರು ಟೀಚರ್. ಆಮೇಲೆ ಹಿತ್ತಲಿಗೆ ಹೋಗಿ, ಪಕ್ಕದ ಮನೆಯಲ್ಲಿ ಈಚೆಗಷ್ಟೇ ಕಾವಿಗೆ ಕೂತಿದ್ದ ಕೋಳಿಯ ಬುಟ್ಟಿಯೊಳಗೆ ಇಣುಕಿದರು. ಹುಲ್ಲಿನ ನಡುವೆ ಒಂದು ಇದ್ದಿಲು, ಒಂದು ತುಕ್ಕು ಹಿಡಿದ ಮೊಳೆ ಇದ್ದವು. ಎಲ್ಲರ ಮನೆಯಲ್ಲೂ ಇರುವಂಥದೇ.

"ಈ ಬೀಗಕ್ಕೆ ಇನ್ನೊಂದು ಕೀ ಇರಬೇಕಲ್ಲ?" ಒಳಗೆ ಬಂದು ಕೇಳಿದರು.

"ಗೂಟಕ್ಕೆ ನೇತುಹಾಕಿದ್ದೆ. ಎಲ್ಲೋ ಕಳೆದುಹೋಯ್ತು" ಎಂದ ಕದಿರ್ವೇಲು.

"ಎಲ್ಲರೂ ಒಳಗೆ ಬನ್ನಿ, ತೋರಿಸ್ತೀನಿ."

ಪುಟ್ಟ ಕೋಣೆಯಲ್ಲಿ ನಾಲ್ವರೂ ಟೀಚರ ಸುತ್ತ ಒತ್ತಿಕೊಂಡು ನಿಂತರು. ಟೀಚರ್ ಮುಚ್ಚಳ ತೆಗೆದು, ಬಲ್ಬಿನ ಹಿಂದೆ ಕೈ ಹಾಕಿ, ಸೆರಗಿನ ತುದಿಯಲ್ಲಿ ಹಿಡಿದು ಒಂದು ಕಬ್ಬಿಣದ ಕೀಲಿ ಹೊರತೆಗೆದರು. ಅದು ಸುಡುತ್ತಿತ್ತು.

"ಸಿಡಿಲಿಗೆ ಮೊಟ್ಟೆ ಕೆಡುತ್ತೆ ಅಂತ ಕಬ್ಬಿಣ ಇಡೋದು ನಮ್ಮ ಕಡೆ ವಾಡಿಕೆ. ಮೊಟ್ಟೆ ಬಿರೀಲಿಲ್ಲ ಅಂದ್ರೆ ಹಳೇ ಹೆಂಗಸರು ಮೊದಲು ಬೈಯೋದೇ ಸಿಡಿಲನ್ನ. ಆದ್ರೆ ಪೊನ್ನಾತ್ತಾ, ಸಿಡಿಲಿನಿಂದ ಏನೂ ಆಗಿಲ್ಲ ಅಂತ ಆಣೆ ಮಾಡೋ ಥರ ಹೇಳಿದೆ. ಕಬ್ಬಿಣ ಇಟ್ಟೋರಿಗೆ ಮಾತ್ರ ಬರೋ ಧೈರ್ಯ ಅದು. ಗೂಟದ ಕೀಲಿಯಿಂದ ಬೀಗ ತೆಗೆದೆ, ಗಾಬರೀಲಿ ಕೈಯಲ್ಲಿದ್ದ ಕೀಲಿಯನ್ನೇ ಒಳಗೆ ಸಿಕ್ಕಿಸಿದೆ. ಒತ್ತಿದ್ರೆ ಬೀಳೋ ಬೀಗ, ಹಾಕೋಕೆ ಕೀಲಿ ಬೇಡ. ಅಲ್ವಾ?"

ಪೊನ್ನಾತ್ತಾ ಕುಸಿದು ಕೂತಳು. "ಒಳಗೆ ಹೋಗ್ಬೇಡ ಅಂತ ಇವರಿಬ್ಬರೂ ಅಂದಿದ್ರು. ಅದಕ್ಕೇ ಹೇಳ್ಲಿಲ್ಲ. ನಮ್ಮ ಯಜಮಾನರ ಕೋಳಿ ಉಳೀಲಿ ಅಂತ ಮಾಡ್ದೆ ಟೀಚರಮ್ಮ. ಅದರಿಂದಲೇ ಸತ್ವಾ?"

"ನೀನು ನೇತುಹಾಕಿದ್ದು ಬಿಸಿ ಅಳೆಯೋ ತಂತಿಗೆ. ಬಲ್ಬು ಹತ್ತಿದ ಕೂಡ್ಲೇ ಕಬ್ಬಿಣ ಕಾಯುತ್ತೆ, ಪೆಟ್ಟಿಗೆಯೇ ಕಾಯ್ತು ಅಂದ್ಕೊಂಡು ತಂತಿ ಬಲ್ಬನ್ನ ಆರಿಸುತ್ತೆ. ಮೊಟ್ಟೆಗೆ ಅರೆಹೊಟ್ಟೆ. ಕಾವು ಕಮ್ಮಿಯಾದ್ರೆ ಮರಿ ನಿಧಾನ ಆಗುತ್ತೆ, ಸಾಯಲೇಬೇಕು ಅಂತಿಲ್ಲ. ನಾಚ್ಚಿಮುತ್ತು, ಉಗುರುಬೆಚ್ಚಗಿನ ನೀರು ತಾ. ಜೀವ ಇರೋ ಮೊಟ್ಟೆ ನೀರಲ್ಲಿ ಅಲುಗುತ್ತೆ."

ಬಿರುಕಿಲ್ಲದ ಮೊಟ್ಟೆಗಳನ್ನು ಆರಿಸಿ ಒಂದೊಂದಾಗಿ ನೀರಿಗಿಟ್ಟರು. ಮೊದಲನೆಯದು ಸುಮ್ಮನೆ ತೇಲಿತು. ಎರಡನೆಯದೂ ಅಷ್ಟೆ. ಪೂಂಗೊಡಿ ಕಣ್ಣು ಮುಚ್ಚಿಕೊಂಡಳು. ಮೂರನೆಯದನ್ನು ಇಟ್ಟು ಎಲ್ಲರೂ ಬಗ್ಗಿ ನೋಡಿದರು. ನೀರಿನ ಅಲೆ ನಿಂತಿತು, ಮೊಟ್ಟೆ ತಾನಾಗಿ ಅಲುಗಿತು. ಮತ್ತೆ ಅಲುಗಿತು. ನಾಚ್ಚಿಮುತ್ತುವಿನ ಕಣ್ಣಲ್ಲಿ ನೀರಾಡಿತು, ಅವನು ಅದನ್ನು ಒರೆಸಿಕೊಳ್ಳಲೂ ಇಲ್ಲ. ಮೊಟ್ಟೆಗಳಲ್ಲಿ ಅರ್ಧದಷ್ಟು ಜೀವಂತವಾಗಿದ್ದವು. ಅವನ್ನು ಒರೆಸಿ ಮತ್ತೆ ಕಾವಿಗಿಟ್ಟರು.

ಎರಡು ದಿನದ ಮೇಲೆ ಮೊಟ್ಟೆಗಳು ಬಿರಿಯತೊಡಗಿದವು. ಟೀಚರೂ ನಾಚ್ಚಿಮುತ್ತುವೂ ನೋಡಲು ಬಂದಿದ್ದರು. ತಾಳಲಾರದೆ ಪೊನ್ನಾತ್ತಾ ಚಿಪ್ಪು ಸುಲಿಯಲು ಕೈ ಚಾಚಿದಾಗ, "ಬೇಡ ಅತ್ತೆ, ರಕ್ತ ಬರುತ್ತೆ. ಮರಿ ತಾನಾಗೇ ಬರಲಿ" ಎಂದು ಪೂಂಗೊಡಿ ಅವಳ ಕೈ ಹಿಡಿದಳು. ಅತ್ತೆ ಆ ಕೈಯನ್ನೇ ಕಣ್ಣಿಗೊತ್ತಿಕೊಂಡು, "ತಪ್ಪಾಯ್ತು ಕಣೇ ಅಮ್ಮಣಿ" ಎಂದು ಅತ್ತಳು.

ಕಡೆಯ ಮರಿಯ ಮೈ ಒಣಗುವವರೆಗೂ ಪೂಂಗೊಡಿ ಅಲ್ಲಾಡಲಿಲ್ಲ. ಆಮೇಲೆ ಎದ್ದು ಸೀರೆ ಬದಲಿಸಿ, ತನ್ನ ಬ್ಯಾಗು ತಾನೇ ಎತ್ತಿಕೊಂಡಳು. ಕದಿರ್ವೇಲು ಬೆಪ್ಪಾಗಿ ಅಡ್ಡ ನಿಂತ. "ಎಲ್ಲಾ ಸರಿಹೋಯ್ತಲ್ಲ. ಅಮ್ಮನೂ ತಪ್ಪು ಒಪ್ಪಿಕೊಂಡ್ರು."

"ಅತ್ತೆ ಹೆದರಿ ಮಾಡಿದ್ರು. ನೀವು ಯಾಕೆ ಸುಮ್ನಿದ್ರಿ?"

ಅವನು ಟೀಚರ ಕಡೆ ನೋಡಿದ. ಟೀಚರ್ ಚೀಲ ಎತ್ತಿಕೊಳ್ಳಲು ನಾಚ್ಚಿಮುತ್ತುವಿಗೆ ಸನ್ನೆ ಮಾಡಿ ಮೆಟ್ಟಿಲಿಳಿದರು. ಆ ಪ್ರಶ್ನೆಗೆ ಅವರು ಬಾಯಿ ಹಾಕುವಂತಿರಲಿಲ್ಲ.

"ಕರೆಯೋಕೆ ಬರೋದಾದ್ರೆ ನೀವೇ ಬನ್ನಿ" ಎಂದಳು ಪೂಂಗೊಡಿ. "ಅಮ್ಮನ್ನ ಕಳಿಸ್ಬೇಡಿ."